ಗುಂಡಿನ ಪೆಟ್ಟಿಗೆಯ ಪ್ರಶ್ನೆ: ಇನ್ಸಾಸ್ ಕಲಿಸಿದ ಪಾಠ, ಹೈದರಾಬಾದಿನ ಹೊಣೆ

ಇತ್ತೀಚೆಗೆ ನಮ್ಮ ಸಂಘದ ಸಮಾರಂಭವೊಂದರ ಊಟದ ಪಂಕ್ತಿಯಲ್ಲಿ ಯುವ ಸೈನಿಕನೊಬ್ಬ ನಮ್ಮ ಪಕ್ಕದಲ್ಲಿ ಕುಳಿತಿದ್ದ. ಹುಟ್ಟಿ ಬೆಳೆದದ್ದು ಕಾಚಿಗುಡದಲ್ಲಿ, ಮನೆಮಾತು ಕನ್ನಡ, ಈಗ ಕೆಲಸ ಉತ್ತರದ ಗಡಿಯಲ್ಲಿ. ರಜೆಯ ಮೇಲೆ ಬಂದಿದ್ದ ಆತನನ್ನು ನಾವು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆವು: 'ಈಗ ನಿಮಗೆ ಯಾವ ಬಂದೂಕು ಕೊಟ್ಟಿದ್ದಾರಪ್ಪ?' ಆತ ನಕ್ಕು ಹೇಳಿದ: 'ಬಂದೂಕು ಯಾವುದಾದರೂ ಇರಲಿ ಅಂಕಲ್, ಮ್ಯಾಗಜೀನು ಸರಿ ಇದ್ದರೆ ಸಾಕು.' ಅಷ್ಟು ಹೇಳಿ ಸಾರು ಬಡಿಸುವವರ ಕಡೆ ತಿರುಗಿದ.

ಆ ಮಾತು ನಮ್ಮನ್ನು ಬಿಡಲಿಲ್ಲ. ಸೇನೆಗೆ ಹೊಸ ರೈಫಲ್ ಬಂತೆಂದರೆ ಪತ್ರಿಕೆಗಳು ಅದರ ತೂಕ, ಅದರ ವ್ಯಾಪ್ತಿ, ಯಾವ ದೇಶದ ತಂತ್ರಜ್ಞಾನ, ಎಷ್ಟು ಕೋಟಿಯ ಒಪ್ಪಂದ ಎಂಬುದನ್ನೆಲ್ಲ ವಿಸ್ತಾರವಾಗಿ ಬರೆಯುತ್ತವೆ. ಗುಂಡುಗಳನ್ನು ತುಂಬಿಡುವ ಆ ಪುಟ್ಟ ಪೆಟ್ಟಿಗೆಯ ಬಗ್ಗೆ ಒಂದು ಸಾಲು ಇದ್ದರೆ ಹೆಚ್ಚು. ಇದ್ದರೂ ಅದರಲ್ಲಿ ಎಷ್ಟು ಗುಂಡು ಹಿಡಿಸುತ್ತದೆ ಎಂಬಷ್ಟೇ. ಆದರೆ ನಮ್ಮ ದೇಶದ ಸ್ವಂತ ರೈಫಲ್ಲಿನ ಹೆಸರಿಗೆ ಕಳಂಕ ತಂದ ಕಾರಣಗಳಲ್ಲಿ ಮುಖ್ಯವಾದುದೊಂದು ಈ ಪೆಟ್ಟಿಗೆಯೇ. ಇಂದು ಬಂದೂಕು ತಯಾರಿಕೆ ನಾವು ನೆಲೆಸಿರುವ ಈ ಹೈದರಾಬಾದಿಗೇ ಬಂದಿರುವಾಗ ಆ ಪಾಠವನ್ನು ಮತ್ತೊಮ್ಮೆ ನೆನೆಯುವುದು ಅಗತ್ಯವೆಂದು ನಮಗೆ ತೋರುತ್ತದೆ.

ಖಜಾನೆ ಮತ್ತು ಮ್ಯಾಗಜೀನು

ನಾವು ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನಲ್ಲಿ ಮೂರು ದಶಕ ಸವೆಸಿದವರು. ಯಂತ್ರಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೂ ಮ್ಯಾಗಜೀನ್ ಎಂಬ ಪದ ನಮಗೆ ಅಪರಿಚಿತವೇನಲ್ಲ. ಅರಬ್ಬಿಯಲ್ಲಿ 'ಮಖ್ಜನ್' ಎಂದರೆ ಉಗ್ರಾಣ. ಅದು ಇಟಲಿ, ಫ್ರಾನ್ಸುಗಳ ಮೂಲಕ ಇಂಗ್ಲಿಷಿಗೆ ಹೋಗಿ ಮ್ಯಾಗಜೀನ್ ಆಯಿತು. ಮದ್ದುಗುಂಡಿನ ಉಗ್ರಾಣಕ್ಕೂ ಅದೇ ಹೆಸರು. 1731ರಲ್ಲಿ ಲಂಡನ್ನಿನಲ್ಲಿ 'ಜಂಟಲ್‌ಮನ್ಸ್ ಮ್ಯಾಗಜೀನ್' ಹೊರಟ ಮೇಲೆ ಬರಹಗಳ ಉಗ್ರಾಣವಾದ ಪತ್ರಿಕೆಗೂ ಅದೇ ಹೆಸರು. ಅದೇ ಅರಬ್ಬಿ ಧಾತುವಿನಿಂದ ಹುಟ್ಟಿದ ಇನ್ನೊಂದು ಪದವೇ ನಮ್ಮ 'ಖಜಾನೆ'. ಹೀಗೆ ನೋಡಿದರೆ ಬ್ಯಾಂಕಿನ ಖಜಾನೆಯೂ ಸಿಪಾಯಿಯ ಮ್ಯಾಗಜೀನೂ ಅಕ್ಕತಂಗಿಯರು. ಎರಡಕ್ಕೂ ಅನ್ವಯಿಸುವ ಸತ್ಯ ಒಂದೇ: ಒಳಗೆ ಎಷ್ಟಿದೆ ಎಂಬುದಕ್ಕಿಂತ, ಬೇಕಾದ ಗಳಿಗೆಯಲ್ಲಿ ಹೊರಗೆ ಬರುತ್ತದೆಯೋ ಇಲ್ಲವೋ ಎಂಬುದೇ ಮುಖ್ಯ.

ನಮ್ಮ ಶಾಖೆಗಳ ಬಾಗಿಲಲ್ಲಿ ನಿಲ್ಲುವ ಕಾವಲುಗಾರನ ಬಳಿ ಸಾಮಾನ್ಯವಾಗಿ ಇರುವುದು ಹನ್ನೆರಡು ಬೋರಿನ ಜೋಡಿ ನಳಿಗೆಯ ಬಂದೂಕು. ಅದಕ್ಕೆ ಮ್ಯಾಗಜೀನಿಲ್ಲ, ಎರಡು ತೋಟಾಗಳನ್ನು ಕೈಯಿಂದಲೇ ತುಂಬಬೇಕು. ಆದರೆ ಕರೆನ್ಸಿ ಚೆಸ್ಟಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾವು ಪೊಲೀಸ್ ಕಾವಲಿನವರ ಹೆಗಲಲ್ಲಿ ಎಸ್.ಎಲ್.ಆರ್. ಅಂದರೆ ಸೆಲ್ಫ್ ಲೋಡಿಂಗ್ ರೈಫಲ್ಲನ್ನು ನಿತ್ಯ ಕಂಡಿದ್ದೇವೆ. ಅರೆಸ್ವಯಂಚಾಲಿತ ಎನ್ನುವುದು ಇದಕ್ಕೇ. ಕುದುರೆಯನ್ನು, ಎಂದರೆ ಟ್ರಿಗರನ್ನು, ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಖಾಲಿ ತೋಟಾ ತಾನಾಗಿ ಹೊರಬಿದ್ದು ಮುಂದಿನ ಗುಂಡು ತಾನಾಗಿ ನಳಿಗೆಗೆ ಏರುತ್ತದೆ. ಆ ಮುಂದಿನ ಗುಂಡನ್ನು ಸರಿಯಾದ ಎತ್ತರಕ್ಕೆ, ಸರಿಯಾದ ಕೋನದಲ್ಲಿ, ಕ್ಷಣಾರ್ಧದಲ್ಲಿ ಒದಗಿಸುವ ಕೆಲಸ ಮ್ಯಾಗಜೀನಿನದು. ಅದು ತಡವಾದರೆ ಕೈಯಲ್ಲಿರುವುದು ಬಂದೂಕಲ್ಲ, ನಾಲ್ಕು ಕಿಲೋ ತೂಕದ ಕೋಲು.

ನಾಲ್ಕು ಭಾಗಗಳ ಪೆಟ್ಟಿಗೆ

ಮ್ಯಾಗಜೀನಿನಲ್ಲಿ ಇರುವುದು ನಾಲ್ಕೇ ಭಾಗ: ಹೊರಗಿನ ಪೆಟ್ಟಿಗೆ, ಒಳಗಿನ ಸ್ಪ್ರಿಂಗು, ಸ್ಪ್ರಿಂಗಿನ ತಲೆಯ ಮೇಲೆ ಕುಳಿತು ಗುಂಡುಗಳನ್ನು ಮೇಲಕ್ಕೆ ತಳ್ಳುವ ಪುಟ್ಟ ಹಲಗೆ, ಮತ್ತು ತಳದ ಮುಚ್ಚಳ. ಪೆಟ್ಟಿಗೆಯ ಬಾಯಲ್ಲಿ ಎರಡು ಕಡೆ ಒಳಕ್ಕೆ ಬಾಗಿದ ಅಂಚುಗಳಿವೆ. ಬಂದೂಕು ಬಲ್ಲವರು ಇವನ್ನು ತುಟಿ ಎನ್ನುತ್ತಾರೆ. ಮೇಲಿನ ಗುಂಡು ಹಾರಿ ಹೋಗದಂತೆ ಹಿಡಿಯುವುದೂ, ಬೋಲ್ಟು ತಳ್ಳಿದಾಗ ಅದನ್ನು ನೇರವಾಗಿ ನಳಿಗೆಯ ಕಡೆಗೆ ಬಿಡುವುದೂ ಈ ತುಟಿಗಳೇ.

ತುಟಿ ಒಂದಿಷ್ಟು ಅಗಲವಾದರೆ ಒಂದರ ಬದಲು ಎರಡು ಗುಂಡು ಒಟ್ಟಿಗೆ ನುಗ್ಗಿ ಬಾಯಲ್ಲೇ ಸಿಕ್ಕಿಕೊಳ್ಳುತ್ತವೆ. ಸ್ಪ್ರಿಂಗು ಬಳಲಿದ್ದರೆ ಗುಂಡು ಮೇಲೇರುವ ಮೊದಲೇ ಬೋಲ್ಟು ಮುಂದೆ ಹೋಗಿಬಿಡುತ್ತದೆ. ಸಿಪಾಯಿ ಕುದುರೆ ಎಳೆದಾಗ 'ಟಕ್' ಎಂಬ ಖಾಲಿ ಸದ್ದು. ಒಳಗಿನ ಹಲಗೆ ಓರೆಯಾದರೆ ಗುಂಡುಗಳ ಸಾಲೇ ಓರೆ. ಪೆಟ್ಟಿಗೆ ಸೀಳಿದರಂತೂ ಮಾತೇ ಇಲ್ಲ. ಹಿಂದಿನ ಸೈನಿಕರು 20 ಗುಂಡಿನ ಮ್ಯಾಗಜೀನಿಗೆ 18ನ್ನೇ, 30ರದಕ್ಕೆ 28ನ್ನೇ ತುಂಬುತ್ತಿದ್ದರಂತೆ. ಸ್ಪ್ರಿಂಗನ್ನು ಕೊನೆಯವರೆಗೆ ಅದುಮದಿರಲೆಂಬ ಎಚ್ಚರಿಕೆ ಅದು. ಮ್ಯಾಗಜೀನನ್ನು ಪೂರ್ತಿ ನಂಬಲಾಗದವರು ತಾವೇ ಕಂಡುಕೊಂಡ ಉಪಾಯ ಅದಾಗಿತ್ತು.

ಯಾವುದರಿಂದ ಮಾಡಬೇಕೆಂಬುದು ಮುಂದಿನ ಪ್ರಶ್ನೆ. ಉಕ್ಕಿನದು ಗಟ್ಟಿ, ಆದರೆ ಭಾರ. ಕಲಾಶ್ನಿಕೋವಿನ ಹಳೆಯ ಉಕ್ಕಿನ ಮ್ಯಾಗಜೀನು ಖಾಲಿ ಇದ್ದಾಗಲೇ ಸುಮಾರು ಮೂರನೇ ಒಂದು ಕಿಲೋ ತೂಗುತ್ತದೆ. ಅಂಥ ಐದಾರನ್ನು ಹೊತ್ತು ಬೆಟ್ಟ ಹತ್ತುವವನನ್ನು ಕೇಳಬೇಕು. ಅಲ್ಯೂಮಿನಿಯಮ್ಮಿನದು ನೂರು ಗ್ರಾಮಿನ ಆಸುಪಾಸು, ಆದರೆ ಕೈಜಾರಿ ಬಿದ್ದರೆ ತುಟಿ ಬಾಗುತ್ತದೆ. ಪಾಲಿಮರ್, ಎಂದರೆ ಗಟ್ಟಿ ಪ್ಲಾಸ್ಟಿಕ್, ಹಗುರ; ತುಕ್ಕಿಲ್ಲ, ತಗ್ಗೂ ಬೀಳುವುದಿಲ್ಲ. ಆದರೆ ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲವೆಂಬುದು ಗೃಹಿಣಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಹಡಿಯ ಮೇಲೆ ಎರಡು ಬೇಸಿಗೆ ಕಳೆದ ಬಕೆಟ್ಟು ಕೈ ತಾಗಿದರೆ ಸೀಳುತ್ತದೆ. ಫ್ರೀಜರಿನಿಂದ ತೆಗೆದ ಅಗ್ಗದ ಡಬ್ಬಿ ನೆಲಕ್ಕೆ ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಬಿಸಿಲು ಪ್ಲಾಸ್ಟಿಕ್ಕಿನ ಕಸುವನ್ನು ತಿನ್ನುತ್ತದೆ, ಚಳಿ ಅದರ ಬಾಗುವ ಗುಣವನ್ನು ಕಸಿಯುತ್ತದೆ. ಒಳ್ಳೆಯ ಪಾಲಿಮರಿಗೆ ನಾರು ಬೆರೆಸಿ, ತುಟಿಗೆ ಬೇಕಾದರೆ ಉಕ್ಕು ಕೂಡಿಸಿ ಈ ದೋಷಗಳನ್ನು ನೀಗಬಹುದು. ಆದರೆ ಅದಕ್ಕೆ ಹಣವೂ ಬೇಕು, ಪರೀಕ್ಷೆಯೂ ಬೇಕು.

1962ರಿಂದ ಕಾರ್ಗಿಲ್‌ವರೆಗೆ

1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದುದು ಹತ್ತು ಗುಂಡು ಹಿಡಿಯುವ .303 ಲೀ-ಎನ್‌ಫೀಲ್ಡ್. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕಾದ ಬಂದೂಕು ಅದು. ಎದುರಿಗಿದ್ದವರ ಬಳಿ ಅರೆಸ್ವಯಂಚಾಲಿತ ರೈಫಲ್ಲುಗಳಿದ್ದವು. ಆ ಕಹಿಯ ನಂತರ, 1960ರ ದಶಕದಲ್ಲಿ, ಬೆಲ್ಜಿಯಂ ಮೂಲದ ವಿನ್ಯಾಸವನ್ನು ಅನುಸರಿಸಿ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ತಯಾರಿಸಿದ 7.62 ಮಿ.ಮೀ. ಎಸ್.ಎಲ್.ಆರ್. ಸೇನೆಗೆ ಬಂತು. 20 ಗುಂಡಿನ ಉಕ್ಕಿನ ಮ್ಯಾಗಜೀನು. ಭಾರವೆಂಬ ದೂರು ಇತ್ತು; ಆದರೂ ಬಾಂಗ್ಲಾ ಯುದ್ಧವನ್ನು ಕಂಡ ಬಂದೂಕು ಅದು.

ಅದರ ನಂತರ ಬಂದುದು ಇನ್ಸಾಸ್. ಪುಣೆಯ ಎ.ಆರ್.ಡಿ.ಇ. ಸಂಸ್ಥೆಯ ವಿನ್ಯಾಸ, ಇಶಾಪುರ, ಕಾನ್ಪುರ, ತಿರುಚಿರಾಪಳ್ಳಿಗಳ ಸರಕಾರಿ ಕಾರ್ಖಾನೆಗಳ ತಯಾರಿಕೆ. 5.56 ಮಿ.ಮೀ. ಗುಂಡು, ಒಂದೊಂದಾಗಿ ಅಥವಾ ಮೂರು ಮೂರಾಗಿ ಹಾರಿಸುವ ವ್ಯವಸ್ಥೆ. 1990ರ ದಶಕದಲ್ಲಿ ಸೇನೆಗೆ ಸೇರಿದ ಈ ರೈಫಲ್ಲಿನ ಮ್ಯಾಗಜೀನು ಪಾರದರ್ಶಕ ಪ್ಲಾಸ್ಟಿಕ್ಕಿನದು. ಉದ್ದೇಶ ಒಳ್ಳೆಯದೇ: ಒಳಗೆ ಎಷ್ಟು ಗುಂಡು ಉಳಿದಿವೆ ಎಂದು ಸೈನಿಕನಿಗೆ ಕಣ್ಣಿಗೇ ಕಾಣಬೇಕು.

1999ರ ಮೇ ತಿಂಗಳಿಂದ ಜುಲೈವರೆಗೆ ಕಾರ್ಗಿಲ್ ಯುದ್ಧ. ದ್ರಾಸ್ ಕಡೆಯ ಶಿಖರಗಳು 16 ಸಾವಿರ ಅಡಿಯ ಎತ್ತರದಲ್ಲಿದ್ದವು; ಬೇಸಿಗೆಯಾದರೂ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಕಲ್ಲುಬಂಡೆಗಳ ಮೇಲೆ ತೆವಳುತ್ತ, ಬೀಳುತ್ತ ಏಳುತ್ತ ಹತ್ತಬೇಕಾದ ಯುದ್ಧ ಅದು. ಇನ್ಸಾಸ್‌ಗೆ ಅದೇ ಮೊದಲ ದೊಡ್ಡ ಪರೀಕ್ಷೆ. ಅಲ್ಲಿಂದ ಬಂದ ದೂರುಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬಂದವು: ಬಂದೂಕು ಕಚ್ಚಿಕೊಳ್ಳುತ್ತದೆ, ಚಳಿಯಲ್ಲಿ ಮ್ಯಾಗಜೀನು ಬಿರುಕು ಬಿಡುತ್ತದೆ. ಫ್ರೀಜರಿನ ಡಬ್ಬಿಯ ಕಥೆ ಶಿಖರದ ಮೇಲೆ ನಡೆದಿತ್ತು. ಆ ಶಿಖರಗಳನ್ನು ನಮ್ಮವರು ಮರಳಿ ಪಡೆದರು ನಿಜ. ಆದರೆ ಸೈನಿಕನ ಶೌರ್ಯ ಒಂದು ಲೆಕ್ಕ, ಪೆಟ್ಟಿಗೆಯ ಗುಣಮಟ್ಟ ಬೇರೊಂದು ಲೆಕ್ಕ. ಮೊದಲನೆಯದರ ಜಮೆಯನ್ನು ಎರಡನೆಯದರ ಖರ್ಚಿಗೆ ಹೊಂದಿಸುವುದು ನ್ಯಾಯವಲ್ಲ.

ನಂತರ ಸುಧಾರಣೆಗಳು ನಡೆದವು. ಆದರೂ 2005ರ ಆಗಸ್ಟಿನಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯ ಪಿಲಿಯಲ್ಲಿ ಮಾವೋವಾದಿಗಳ ದಾಳಿಗೆ 43 ಸೈನಿಕರು ಬಲಿಯಾದಾಗ, ಭಾರತ ಕೊಟ್ಟ ಇನ್ಸಾಸ್ ಹೋರಾಟದ ನಡುವೆ ಕೈಕೊಟ್ಟಿತೆಂದು ನೇಪಾಳದ ಸೇನೆ ದೂರಿತು. ಸರಿಯಾದ ಬಳಕೆ, ನಿರ್ವಹಣೆ ಇಲ್ಲದಿರಬಹುದೆಂದು ಭಾರತದ ಕಡೆಯವರು ಉತ್ತರಿಸಿ ತರಬೇತಿಯ ನೆರವು ನೀಡುವುದಾಗಿ ಹೇಳಿದರು. ಎರಡು ಮಾತುಗಳಲ್ಲೂ ಅರ್ಥವಿರಬಹುದು. ಆದರೆ ಯುದ್ಧಭೂಮಿಯ ಬಂದೂಕನ್ನು ವಿನ್ಯಾಸ ಮಾಡುವಾಗಲೇ ಕೊಳೆ, ಧೂಳು, ಎಣ್ಣೆಯ ಅಭಾವ, ಬಳಲಿದ ಸೈನಿಕ ಇವರನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕಲ್ಲವೆ? 2015ರಲ್ಲಿ ನಕ್ಸಲ್ ಪೀಡಿತ ಪ್ರದೇಶಗಳ ಸಿ.ಆರ್.ಪಿ.ಎಫ್. ಜವಾನರ ಕೈಯಿಂದ ಇನ್ಸಾಸ್ ಹಿಂಪಡೆದು ಎ.ಕೆ. ಬಂದೂಕು ಕೊಡುವ ನಿರ್ಧಾರವಾಯಿತು.

ಇನ್ಸಾಸ್ ಕೆಟ್ಟ ಬಂದೂಕೆಂದು ಸಾರಾಸಗಟಾಗಿ ತಳ್ಳಿಹಾಕುವವರಲ್ಲಿ ನಾವಿಲ್ಲ. ಲಕ್ಷಾಂತರ ಸಂಖ್ಯೆಯಲ್ಲಿ ದೇಶದಲ್ಲೇ ತಯಾರಾದ, ಗುರಿಯಲ್ಲಿ ನಿಖರವಾದ ಬಂದೂಕು ಅದು. ಹಾಗಿದ್ದೂ ಅದರ ಹೆಸರು ಕೆಟ್ಟಿತಲ್ಲ ಎಂಬುದೇ ನಮ್ಮ ವ್ಯಥೆ. ನಳಿಗೆಗೆ ಕೊಟ್ಟ ಗಮನದ ಅರ್ಧದಷ್ಟನ್ನಾದರೂ ಪೆಟ್ಟಿಗೆಗೆ ಕೊಟ್ಟಿದ್ದರೆ ಆ ಹೆಸರಿನ ಬಹುಭಾಗ ಉಳಿಯುತ್ತಿತ್ತು.

ಪರದೇಶದ ದೃಷ್ಟಾಂತಗಳು

ಈ ಎಡವು ನಮ್ಮದೊಂದೇ ಅಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರೆಂಚರ 'ಶೋಶಾ' ಎಂಬ ಹಗುರ ಮಷಿನ್‌ಗನ್ನಿನ ಮ್ಯಾಗಜೀನಿಗೆ ಒಂದು ಬದಿ ತೆರೆದಿತ್ತು. ಕಾರಣ ಇನ್ಸಾಸ್‌ನದೇ: ಉಳಿದ ಗುಂಡುಗಳು ಕಣ್ಣಿಗೆ ಕಾಣಲಿ ಎಂದು. ಕಂದಕಗಳ ಕೆಸರು ಆ ತೆರೆದ ಬದಿಯಿಂದ ನೇರ ಒಳಗೆ ಹೋಯಿತು. ಇತಿಹಾಸದ ಅತ್ಯಂತ ಕುಖ್ಯಾತ ಬಂದೂಕುಗಳ ಸಾಲಿಗೆ ಶೋಶಾ ಸೇರಿತು. ಎಂಟು ದಶಕಗಳ ಅಂತರದಲ್ಲಿ ಒಂದೇ ಸದುದ್ದೇಶ ಒಂದು ಕಡೆ ಕೆಸರಿಗೆ, ಇನ್ನೊಂದು ಕಡೆ ಚಳಿಗೆ ಸೋತಿತು. ಕಚೇರಿಯ ಮೇಜಿನ ಮೇಲೆ ಅನುಕೂಲವೆನಿಸಿದ್ದು ಕಂದಕದಲ್ಲಿ ಅನುಕೂಲವಾಗಬೇಕೆಂದಿಲ್ಲ.

ಅಮೆರಿಕದ ಎಂ-16ರ ಅಲ್ಯೂಮಿನಿಯಂ ಮ್ಯಾಗಜೀನನ್ನು ಮೂಲತಃ ಬಳಸಿ ಬಿಸಾಡುವ ವಸ್ತುವೆಂದು ಹಗುರವಾಗಿ ರೂಪಿಸಲಾಗಿತ್ತು. ಆದರೆ ಸೇನೆ ಅದನ್ನು ವರ್ಷಗಟ್ಟಲೆ ಬಳಸಿತು. ಬಳಸಿ ಬಿಸಾಡುವುದಕ್ಕೆಂದು ಮಾಡಿದ್ದನ್ನು ಬಿಸಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2007ರ ಪರೀಕ್ಷೆಯೊಂದು ಉತ್ತರ ಕೊಟ್ಟಿತು. ಅಮೆರಿಕದ ಸೇನೆ ಅಂದು ನಾಲ್ಕು ಬಗೆಯ ಬಂದೂಕುಗಳನ್ನು ದಟ್ಟ ಧೂಳಿನಲ್ಲಿಟ್ಟು ಪ್ರತಿ ಬಗೆಯಿಂದಲೂ 60 ಸಾವಿರ ಗುಂಡು ಹಾರಿಸಿತು. ಎಂ-4 ಒಟ್ಟು 882 ಬಾರಿ ತಡೆದು ನಿಂತಿತು. ಅವುಗಳಲ್ಲಿ 239ಕ್ಕೆ ಕಾರಣ ಮ್ಯಾಗಜೀನು. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ದೋಷ, ಬಂದೂಕಿನ ಒಟ್ಟು ಬೆಲೆಯಲ್ಲಿ ಅತಿ ಸಣ್ಣ ಪಾಲಿನ ಈ ಪೆಟ್ಟಿಗೆಯದು. 2009ರಲ್ಲಿ ಅದೇ ಸೇನೆ ಸ್ಪ್ರಿಂಗನ್ನೂ ಒಳಗಿನ ಹಲಗೆಯನ್ನೂ ತಿದ್ದಿದ ಹೊಸ ಮ್ಯಾಗಜೀನನ್ನು ತಂದಿತು. ಹಳೆಯದರಿಂದ ಬೇರೆಯೆಂದು ನೋಡಿದ ಕೂಡಲೇ ತಿಳಿಯಲೆಂದು ಹಲಗೆಗೆ ಬೇರೆ ಬಣ್ಣವನ್ನೇ ಕೊಟ್ಟಿತು. ಬ್ರಿಟನ್ನಿನ ಎಸ್.ಎ.-80 ರೈಫಲ್ಲಿಗೂ ಬಹುಕಾಲ ಇದೇ ಬಗೆಯ ಅಪಕೀರ್ತಿ. 2000ದ ಸುಮಾರಿಗೆ ಜರ್ಮನಿಯ ಹೆಕ್ಲರ್ ಕೋಖ್ ಸಂಸ್ಥೆ ಅದನ್ನು ರಿಪೇರಿಗೆ ತೆಗೆದುಕೊಂಡಾಗ ಬದಲಾಯಿಸಿದ ಭಾಗಗಳಲ್ಲಿ ಮ್ಯಾಗಜೀನೂ ಒಂದು.

ಈಗ ಬರುತ್ತಿರುವ ಬಂದೂಕುಗಳು

ಇನ್ಸಾಸ್‌ನ ಜಾಗಕ್ಕೆ ಬರುತ್ತಿರುವವು ಒಂದಲ್ಲ, ಹಲವು. 2019ರ ಫೆಬ್ರವರಿಯಲ್ಲಿ ಅಮೆರಿಕದ ಸಿಗ್ ಸಾವರ್ ಸಂಸ್ಥೆಯ 72,400 ಸಿಗ್-716 ರೈಫಲ್ಲುಗಳಿಗೆ ಒಪ್ಪಂದವಾಯಿತು. 2024ರ ಆಗಸ್ಟಿನಲ್ಲಿ ಇನ್ನೂ 73 ಸಾವಿರಕ್ಕೆ. 2021ರ ಡಿಸೆಂಬರಿನಲ್ಲಿ 6 ಲಕ್ಷಕ್ಕೂ ಹೆಚ್ಚು ಎ.ಕೆ.-203 ರೈಫಲ್ಲುಗಳನ್ನು ರಷ್ಯಾದ ಸಹಯೋಗದಲ್ಲಿ ಉತ್ತರ ಪ್ರದೇಶದ ಅಮೇಠಿ ಬಳಿಯ ಕೋರ್ವಾದಲ್ಲಿ ತಯಾರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಸರಕಾರಿ ಕಾರ್ಖಾನೆಗಳ ಮಂಡಳಿ 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಿತು.

ಓದುಗರು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ಎ.ಕೆ.-203 ಮತ್ತು ಸಿಗ್-716 ಎರಡೂ 7.62 ಮಿ.ಮೀ. ಬಂದೂಕುಗಳೇ ಆದರೂ ಗುಂಡು ಒಂದೇ ಅಲ್ಲ. ಮೊದಲನೆಯದರ ತೋಟಾ 39 ಮಿ.ಮೀ. ಉದ್ದ, ಎರಡನೆಯದರದು 51. ಎ.ಕೆ.ಯ ತೋಟಾ ತುದಿಯ ಕಡೆಗೆ ಕಿರಿದಾಗುತ್ತ ಹೋಗುವುದರಿಂದ ಒಂದರ ಮೇಲೊಂದು ಜೋಡಿಸಿದರೆ ಸಾಲು ತಾನಾಗಿ ಬಾಗುತ್ತದೆ. ಆ ಮ್ಯಾಗಜೀನು ಬಾಳೆಹಣ್ಣಿನಂತೆ ಬಾಗಿರುವುದು ಅದಕ್ಕೇ. ಒಂದರ ಮ್ಯಾಗಜೀನು ಇನ್ನೊಂದಕ್ಕೆ ಕೂರದು. ಇನ್ನೂ ಬಳಕೆಯಲ್ಲಿರುವ ಇನ್ಸಾಸ್‌ನ 5.56 ಸೇರಿದರೆ ಮೂರು ಬಗೆಯ ಗುಂಡು, ಕನಿಷ್ಠ ಮೂರು ಬಗೆಯ ಪೆಟ್ಟಿಗೆ. ಉಗ್ರಾಣದವನಿಗೆ ಇದೊಂದು ತಲೆನೋವು. ಒಂದು ತುಕಡಿಗೆ ಇನ್ನೊಂದು ತುಕಡಿ ತುರ್ತಿನಲ್ಲಿ ಮ್ಯಾಗಜೀನು ಕೊಟ್ಟು ನೆರವಾಗುವ ಹಾದಿಯೂ ಅಷ್ಟರಮಟ್ಟಿಗೆ ಮುಚ್ಚುತ್ತದೆ.

ನಮ್ಮ ಹೈದರಾಬಾದಿಗೆ ಬರೋಣ. 2024ರ ಜನವರಿ 8ರಂದು ಪುಣೆಯಲ್ಲಿ ಅನಾವರಣಗೊಂಡ 'ಉಗ್ರಂ' ರೈಫಲ್ಲನ್ನು ಎ.ಆರ್.ಡಿ.ಇ. ಜತೆಗೂಡಿ ರೂಪಿಸಿದ ದ್ವೀಪ ಆರ್ಮರ್ ಸಂಸ್ಥೆ ಹೈದರಾಬಾದಿನದು. 7.62 ಗುಂಡು, ನಾಲ್ಕು ಕಿಲೋಗೂ ಕಡಿಮೆ ತೂಕ, 500 ಮೀಟರ್ ವ್ಯಾಪ್ತಿ, 20 ಗುಂಡಿನ ಮ್ಯಾಗಜೀನು. ನೂರು ದಿನಗಳೊಳಗೆ ತಯಾರಾಯಿತೆಂಬುದು ಅಂದಿನ ಹೆಮ್ಮೆಯ ಸುದ್ದಿ. 2024ರಲ್ಲೇ ಸೇನೆಯ ಉತ್ತರ ಕಮಾಂಡಿಗೆ 550 'ಅಸ್ಮಿ' ಮಷಿನ್ ಪಿಸ್ತೂಲುಗಳು ಸೇರಿದವು; ತಯಾರಕರು ಇಲ್ಲಿನ ಲೋಕೇಶ್ ಮಷೀನ್ಸ್. ಅರಬ್ ಸಂಯುಕ್ತ ಸಂಸ್ಥಾನದ ಕ್ಯಾರಾಕಲ್ ಜತೆ ಸೇರಿ ಇಲ್ಲಿನ ಐಕಾಂ ಸಂಸ್ಥೆಯೂ ಬಂದೂಕು ತಯಾರಿಕೆಗೆ ಇಳಿದಿದೆ. ತವರಿನ ಕಡೆ ನೋಡಿದರೆ ಬೆಂಗಳೂರಿನ ಎಸ್.ಎಸ್.ಎಸ್. ಡಿಫೆನ್ಸ್ ಕೂಡ ಇದೇ ಹಾದಿಯಲ್ಲಿದೆ. ಕಂಚನಬಾಗಿನ ಮಿಧಾನಿಯಲ್ಲಿ ಹಲವು ಬಗೆಯ ವಿಶೇಷ ಉಕ್ಕು ತಯಾರಾಗುತ್ತದೆ. ತಿರುಮಲಗಿರಿಯ ಸೇನಾ ಎಂಜಿನಿಯರಿಂಗ್ ಕಾಲೇಜು ನಮ್ಮ ಊರಿನಲ್ಲೇ ಇದೆ. ಕೌಶಲ್ಯಕ್ಕೆ ಈ ನಗರದಲ್ಲಿ ಕೊರತೆ ಇಲ್ಲ.

ನೂರು ದಿನಗಳ ಸಾಧನೆಯನ್ನು ನಾವೂ ಮೆಚ್ಚುತ್ತೇವೆ. ಆದರೆ ನೂರು ದಿನದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯುವುದಿಲ್ಲ. ಪ್ರಯೋಗಾಲಯದ ಶೀತಪೆಟ್ಟಿಗೆ ಚಳಿಯನ್ನು ಕೊಡಬಲ್ಲದು. ಚಳಿಯಲ್ಲಿ ಮರಗಟ್ಟಿದ ಕೈಯನ್ನೂ ಬಂಡೆಗೆ ಬಡಿಯುವ ಹೊಡೆತವನ್ನೂ ಎರಡು ವರ್ಷದ ಬಳಕೆಯ ಸವಕಳಿಯನ್ನೂ ಅಷ್ಟು ಸುಲಭವಾಗಿ ಕೊಡಲಾರದು. ರೈಫಲ್ಲಿನ ಪರೀಕ್ಷೆ ಮುಗಿದ ಮೇಲೂ ಮ್ಯಾಗಜೀನಿನ ಪರೀಕ್ಷೆ ಮುಗಿಯಬಾರದು.

ಅತಿ ಕಡಿಮೆ ದರ ಎಂಬ ಮಂತ್ರ

ಇಲ್ಲಿ ನಮ್ಮ ಬ್ಯಾಂಕಿನ ಅನುಭವವೊಂದನ್ನು ಹೇಳಿದರೆ ತಪ್ಪಾಗದು. ಹಿಂದೊಮ್ಮೆ ನಮ್ಮ ಶಾಖೆಗೆ ನೋಟು ಎಣಿಸುವ ಯಂತ್ರಗಳು ಬಂದವು. ಟೆಂಡರಿನಲ್ಲಿ ಅತಿ ಕಡಿಮೆ ದರ ಹಾಕಿದವರದೇ ಸರಬರಾಜು. ಯಂತ್ರದ ಮೋಟರು ಚೆನ್ನಾಗಿತ್ತು, ಹೊರಮೈ ಹೊಳೆಯುತ್ತಿತ್ತು. ಆದರೆ ನೋಟನ್ನು ಒಂದೊಂದಾಗಿ ಒಳಗೆಳೆಯುವ ರಬ್ಬರು ಉರುಳೆ ಕಳಪೆ. ಮೂರು ತಿಂಗಳಲ್ಲಿ ಅದು ಸವೆದು ಎರಡೆರಡು ನೋಟು ಒಟ್ಟಿಗೆ ಹೋಗತೊಡಗಿದವು. ತಿಂಗಳ ಮೊದಲ ವಾರ, ಸಂಬಳದ ದಿನ, ಸಾಲು ಬಾಗಿಲಾಚೆಗೆ ಬೆಳೆದಿತ್ತು. ಕೈಯಿಂದ ಎಣಿಸಿ ಮುಗಿಸಿದೆವು. ಕಳೆದುಕೊಂಡದ್ದು ಅರ್ಧ ದಿನ ಮಾತ್ರ. ಬಂದೂಕಿನಲ್ಲಿ ಅದೇ ತಪ್ಪು, ಒಂದರ ಬದಲು ಎರಡು ಹೋಗುವ ಅದೇ ತಪ್ಪು ಆದರೆ, ಕೈಯಿಂದ ಎಣಿಸುವ ಅವಕಾಶ ಯಾರಿಗೂ ಸಿಗುವುದಿಲ್ಲ.

ಸರಕಾರಿ ಖರೀದಿಯಲ್ಲಿ ತಾಂತ್ರಿಕ ಪರೀಕ್ಷೆಯಲ್ಲಿ ಪಾಸಾದವರ ಪೈಕಿ ಅತಿ ಕಡಿಮೆ ದರದವರಿಗೆ ಆದ್ಯತೆ. 2025ರಲ್ಲಿ ಸೇನೆಯ ಸುಮಾರು 4.25 ಲಕ್ಷ ಕಾರ್ಬೈನುಗಳ ಸ್ಪರ್ಧೆಯಲ್ಲೂ ಪುಣೆಯ ಭಾರತ್ ಫೋರ್ಜ್ ಮುಂದೆ ಬಂದುದು ಈ ಕ್ರಮದಲ್ಲೇ. ಕ್ರಮದಲ್ಲಿ ದೋಷವಿಲ್ಲ, ಸಾರ್ವಜನಿಕ ಹಣಕ್ಕೆ ಅಂಥ ಶಿಸ್ತು ಬೇಕು. ಆದರೆ ಬಂದೂಕು ಮತ್ತು ಮ್ಯಾಗಜೀನನ್ನು ಒಂದೇ ವಸ್ತುವೆಂದು ಅಳೆಯುವಲ್ಲಿ ಅಪಾಯವಿದೆ. ಬಂದೂಕಿಗೆ ದಶಕಗಳ ಆಯುಸ್ಸು. ಮ್ಯಾಗಜೀನು ಸವೆದು ಹೋಗುವ ವಸ್ತು. ಮೊದಲನೆಯದಕ್ಕೆ ಒಂದು ಬಾರಿ ಆಯ್ಕೆ, ಎರಡನೆಯದಕ್ಕೆ ಜೀವಮಾನವಿಡೀ ಆಯ್ಕೆ. ಮೊದಲ ಸಲದ ಪೆಟ್ಟಿಗೆ ಉತ್ತಮವಿದ್ದು, ಐದು ವರ್ಷದ ನಂತರ ಬದಲಿಗೆ ಬರುವ ಪೆಟ್ಟಿಗೆ ಅಗ್ಗದ್ದಾದರೆ ಬಂದೂಕು ಮತ್ತೆ ಇನ್ಸಾಸ್ ಆಗುತ್ತದೆ.

ಆದ್ದರಿಂದ ನಾವು ಕೇಳುವುದು ನಾಲ್ಕು ಸಂಗತಿ. ಒಂದು, ಮ್ಯಾಗಜೀನಿಗೆ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಅಂಕ: ಸಿಯಾಚಿನ್ನಿನ ಚಳಿ, ಜೈಸಲ್ಮೇರಿನ ಧೂಳು, ಕರಾವಳಿಯ ಉಪ್ಪುಗಾಳಿ, ಕಲ್ಲಿನ ಮೇಲೆ ತುಂಬಿದ ಪೆಟ್ಟಿಗೆಯ ಬೀಳು. ಎರಡು, ಪ್ರತಿ ಪೆಟ್ಟಿಗೆಯ ಮೇಲೂ ತಯಾರಿಕೆಯ ವರ್ಷ, ತಂಡದ ಸಂಖ್ಯೆ ಅಚ್ಚಾಗಬೇಕು. ಒಂದು ತಂಡದಲ್ಲಿ ಬಿರುಕು ಕಂಡರೆ ಆ ತಂಡವನ್ನೆಲ್ಲ ಹಿಂಪಡೆಯಲು ಸಾಧ್ಯವಾಗಬೇಕು. ಮೂರು, ದೂರು ಹೇಳಿದ ಸೈನಿಕನ ಮೇಲೆಯೇ ನಿರ್ವಹಣೆಯ ಲೋಪ ಹೊರಿಸುವ ಮೊದಲು ಪೆಟ್ಟಿಗೆಯನ್ನು ಪರೀಕ್ಷಿಸಬೇಕು.

ನಾಲ್ಕನೆಯದು ಬ್ಯಾಂಕಿನವರಾದ ನಮಗೆ ಹೆಚ್ಚು ಅರ್ಥವಾಗುವ ಮಾತು. ಹರಿದ, ಮಾಸಿದ ನೋಟನ್ನು ನಾವು ಗ್ರಾಹಕನಿಗೆ ಮರಳಿ ಕೊಡುವಂತಿಲ್ಲ. ಬೇರ್ಪಡಿಸಿ ರಿಸರ್ವ್ ಬ್ಯಾಂಕಿಗೆ ಕಳಿಸುತ್ತೇವೆ, ಅಲ್ಲಿ ಅದು ಚೂರಾಗುತ್ತದೆ. ಅದನ್ನು ಯಾರೂ ನಷ್ಟವೆನ್ನುವುದಿಲ್ಲ. ಆದರೆ ಬಳಲಿದ ಮ್ಯಾಗಜೀನು ದಾಸ್ತಾನು ಪುಸ್ತಕದಲ್ಲಿ ಇನ್ನೂ 'ಆಸ್ತಿ'. ಅದನ್ನು ಕಳೆದುಕೊಂಡರೆ ವಿಚಾರಣೆ. ಅದು ಕೈಕೊಟ್ಟರೆ ವಿಚಾರಣೆ ಇಲ್ಲ. ಅನುಭವಿ ಸೈನಿಕರು ತಮ್ಮ ಮ್ಯಾಗಜೀನುಗಳಿಗೆ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಗುರುತು ಹಾಕಿಕೊಳ್ಳುತ್ತಾರೆ. ಎರಡು ಬಾರಿ ತಡೆದದ್ದು ಯಾವುದೆಂದು ತಿಳಿದರೆ ಅದನ್ನು ಬದಿಗಿಡಬಹುದು. ಆ ಬದಿಗಿಟ್ಟ ಪೆಟ್ಟಿಗೆಗೆ ಬದಲಾಗಿ ಪ್ರಶ್ನೆ ಕೇಳದೆ ಹೊಸದನ್ನು ಕೊಡುವ ವ್ಯವಸ್ಥೆ ಬೇಕು. ಮಾಸಿದ ನೋಟಿಗೆ ಇರುವ ಮರ್ಯಾದೆ ಮಾಸಿದ ಮ್ಯಾಗಜೀನಿಗೂ ಸಿಗಲಿ.

ಕೈ ಎತ್ತಲಾಗದ ಜಾಗ

ಇದೆಲ್ಲ ತಜ್ಞರ ವಿಷಯ, ಸಂಸಾರಸ್ಥರಾದ ನಮಗೇಕೆ ಎಂದು ಕೆಲವರು ಕೇಳಬಹುದು. ನಿಜ, 1959ರ ಆಯುಧ ಕಾಯ್ದೆಯ ಕೆಳಗೆ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಅರೆಸ್ವಯಂಚಾಲಿತ ರೈಫಲ್ಲಂತೂ ಸಾಮಾನ್ಯ ನಾಗರಿಕನಿಗೆ ಸಿಗುವ ವಸ್ತುವಲ್ಲ. ಹಾಗಿರುವುದೇ ಕ್ಷೇಮ. ನಮ್ಮ ಮಕ್ಕಳು ಬಂದೂಕು ಹಿಡಿಯುವುದಾದರೆ ಶೂಟಿಂಗ್ ಕ್ರೀಡೆಯಲ್ಲಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಈ ನಗರದವರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 25 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಪಡೆದ ಈಶಾ ಸಿಂಗ್ ಕೂಡ ಇಲ್ಲಿನವರೇ. ಆ 25 ಮೀಟರ್ ಸ್ಪರ್ಧೆಯ ಪಿಸ್ತೂಲು ಅರೆಸ್ವಯಂಚಾಲಿತ, ಐದೈದು ಗುಂಡಿನ ಸರಣಿ. ಸರಣಿಯ ನಡುವೆ ಪಿಸ್ತೂಲು ಕಚ್ಚಿಕೊಂಡರೆ ಸ್ಪರ್ಧಿ ಕೈ ಎತ್ತಬಹುದು. ತೀರ್ಪುಗಾರರು ಬಂದು ನೋಡುತ್ತಾರೆ. ತಪ್ಪು ಸ್ಪರ್ಧಿಯದಲ್ಲ, ಯಂತ್ರದ್ದೆಂದು ಕಂಡರೆ ನಿಯಮದ ಪ್ರಕಾರ ಮತ್ತೆ ಅವಕಾಶ ಕೊಡುತ್ತಾರೆ.

ಗಡಿಯಲ್ಲಿ ನಿಂತ ಹುಡುಗ ಕೈ ಎತ್ತಿದರೆ ನೋಡಲು ಬರುವ ತೀರ್ಪುಗಾರರಿಲ್ಲ. ಅವನ ಪರವಾಗಿ ಕೈ ಎತ್ತುವ ಕೆಲಸ ಮೊದಲೇ, ಖರೀದಿಯ ಮೇಜಿನ ಮುಂದೆ, ಆಗಬೇಕು. ತೆರಿಗೆ ಕಟ್ಟುವವರೂ, ಮಕ್ಕಳನ್ನು ಸೇನೆಗೆ ಕಳಿಸುವವರೂ ಆದ ನಾವು ಪ್ರಶ್ನೆ ಕೇಳುವ ಅಧಿಕಾರ ಉಳ್ಳವರು. ಇಷ್ಟಕ್ಕೂ ನಮ್ಮ ನೆರೆಹೊರೆಯ ಎಂಜಿನಿಯರುಗಳಲ್ಲಿ ಕೆಲವರು ಇದೇ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಾಗಿರಬಹುದು. ಅವರಲ್ಲಿ ನಮ್ಮ ವಿನಂತಿ: ನಳಿಗೆಯ ಮುಂದೆ ಎಷ್ಟು ಹೊತ್ತು ಕೂರುತ್ತೀರೋ ಪೆಟ್ಟಿಗೆಯ ಮುಂದೆಯೂ ಅಷ್ಟು ಹೊತ್ತು ಕುಳಿತುಕೊಳ್ಳಿ.

ಪ್ರತಿ ಆಯುಧಪೂಜೆಯಂದು ನಮ್ಮ ಶಾಖೆಯಲ್ಲಿ ಖಜಾನೆಯ ಬಾಗಿಲಿಗೆ, ಎಣಿಕೆ ಯಂತ್ರಕ್ಕೆ, ಕಾವಲುಗಾರನ ಜೋಡಿ ನಳಿಗೆಗೆ ಅರಿಶಿನ ಕುಂಕುಮ ಹಚ್ಚುತ್ತೇವೆ. ನಳಿಗೆಗೆ ಹಚ್ಚುವುದು ರೂಢಿ, ಏಕೆಂದರೆ ಕಣ್ಣಿಗೆ ಬೀಳುವುದು ಅದೇ. ಆ ಹುಡುಗ ರಜೆ ಮುಗಿಸಿ ಹೊರಟ ದಿನ ಕಾಚಿಗುಡ ಸ್ಟೇಷನ್ನಿಗೆ ನಾವೂ ಹೋಗಿದ್ದೆವು. ಅವನ ತಾಯಿ ಚಕ್ಕುಲಿ, ಕೊಬ್ಬರಿ ಮಿಠಾಯಿಯ ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ಅದುಮಿ ನೋಡುತ್ತಿದ್ದರು, ದಾರಿಯಲ್ಲಿ ಎಲ್ಲಿ ಬಿಚ್ಚಿಕೊಳ್ಳುವುದೋ ಎಂದು. ಅವನ ಸೊಂಟದ ಚೀಲಕ್ಕೆ ಸೇರುವ ಪೆಟ್ಟಿಗೆಗಳನ್ನೂ ಯಾರಾದರೂ ಅಷ್ಟೇ ಕಾಳಜಿಯಿಂದ ಅದುಮಿ ನೋಡಿರಲಿ ಎಂಬುದಷ್ಟೇ ನಮ್ಮ ಬೇಡಿಕೆ.